ಹನ್ನೆರಡು ತಪ್ಪು ಸಾಕು

ಆಗಸ್ಟ್ ೪, ಸೋಮವಾರ

ಇದನ್ನು ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ನಾನು ಓದಿದ್ದೂ ಅದರಲ್ಲೇ, ಹೊಟ್ಟೆ ಹೊರೆಯುವುದೂ ಅದರಿಂದಲೇ. ಆದರೆ ಇಂಗ್ಲಿಷಿನಲ್ಲಿ ಬರೆದರೆ ಎರಡನೇ ಸಾಲಿಗೇ ಕೆಂಪು ಪೆನ್ನು ಕೈಗೆ ಬರುತ್ತದೆ. ಕನ್ನಡದಲ್ಲಿ ನನಗೆ ತಿದ್ದುವಷ್ಟು ಧೈರ್ಯವಿಲ್ಲ. ಬಂದದ್ದು ಬಂದ ಹಾಗೆ ಉಳಿಯುತ್ತದೆ.

ಈಚೆಗೆ ಎಲ್ಲದಕ್ಕೂ ಹೇಸಿಗೆ ಬರುತ್ತಿದೆ. ನಲವತ್ನಾಲ್ಕು ವಯಸ್ಸಿನ ಹೆಂಗಸಿಗೆ ಇದು ಸರಿಯೇ ಎಂದು ತಿಳಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತಿನ ಪಟ್ಟಿ: ಸ್ಟಾಫ್ ರೂಮಿನ ಸಿಂಕಿನಲ್ಲಿ ತೇಲುತ್ತಿದ್ದ ಚಹಾ ಸೋಸಿದ ಚರಟ. ಬೋರ್ಡು ಒರೆಸುವ ಸ್ಪಂಜಿನ ವಾಸನೆ, ಒಣಗದ ಕಾಲುಚೀಲದ ಹಾಗೆ. ಹೆಡ್ ಮೇಡಂ ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಂಡು ಅದೇ ಪೆನ್ನನ್ನು ನನಗೆ ಸಹಿ ಹಾಕಲು ಕೊಟ್ಟದ್ದು. ಸಹಿ ಹಾಕಿದೆ. ಆಮೇಲೆ ಎರಡು ಸಲ ಕೈ ತೊಳೆದೆ.

ಸಹಿ ಹಾಕಿದ್ದು ತಪಾಸಣೆಯ ಸುತ್ತೋಲೆಗೆ. ಇಪ್ಪತ್ತೆಂಟಕ್ಕೆ ಶಿಕ್ಷಣ ಮಂಡಳಿಯಿಂದ ಮೂವರು ಬರುತ್ತಾರೆ. ಮಾದರಿ ಪಾಠ ನನ್ನದು, ಒಂಬತ್ತನೇ ತರಗತಿ ಎ ಸೆಕ್ಷನ್, ವಿಷಯ ಇಂಗ್ಲಿಷ್ ಸಾಹಿತ್ಯದ ಪರಿಭಾಷೆ: ಸಿಮಿಲಿ ಅಂದರೆ ಉಪಮೆ, ಮೆಟಫರ್ ಅಂದರೆ ರೂಪಕ, ಇತ್ಯಾದಿ. ಪಾಠಕ್ಕೆ ನಾಲ್ಕು ಪುಟದ ಸ್ಕ್ರಿಪ್ಟನ್ನೂ ಹೆಡ್ ಮೇಡಂ ಅವರೇ ಮಾಡಿಟ್ಟಿದ್ದಾರೆ. ಎಡಗಡೆ ನಾನು ಹೇಳಬೇಕಾದದ್ದು, ಬಲಗಡೆ ಮಕ್ಕಳು ಹೇಳಬೇಕಾದದ್ದು. ಒಂಬತ್ತನೇ ಅಂಶವನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ, ನಾಳೆ ನಾನೇ ನಂಬಲಿಕ್ಕಿಲ್ಲ:

"ಬಲಹೀನ ವಿದ್ಯಾರ್ಥಿಯೊಬ್ಬರು ತಪ್ಪು ಉತ್ತರ ಕೊಡುವರು. ಶಿಕ್ಷಕಿ ನಗುಮುಖದಿಂದ ತಿದ್ದುವರು. ವಿದ್ಯಾರ್ಥಿ ಸರಿ ಉತ್ತರ ಕೊಡುವರು. ತರಗತಿಯಿಂದ ಮೂರು ಚಪ್ಪಾಳೆ."

"ಎಲ್ಲಾ ಸರಿ ಉತ್ತರಾನೇ ಬಂದ್ರೆ ಅನುಮಾನ ಪಡ್ತಾರೆ ಮಿಸ್," ಅಂದರು ಹೆಡ್ ಮೇಡಂ. "ದೃಷ್ಟಿಬೊಟ್ಟು ಇದ್ದ ಹಾಗೆ ಒಂದು ತಪ್ಪು ಇರ್ಲಿ."

ಆಗಸ್ಟ್ ೬, ಬುಧವಾರ

ತಪ್ಪು ಹೇಳಲು ಒಬ್ಬ ಹುಡುಗಿಯ ಆಯ್ಕೆ ಆಯಿತು.

ನಿಜವಾಗಿಯೂ ಬಲಹೀನರಾದ ಮಕ್ಕಳು ಬೇಡ ಎಂದು ತೀರ್ಮಾನವಾಯಿತು. ಹಿಂದಿನ ಬೆಂಚಿನ ಉದ್ದದ ಹುಡುಗನ ಹೆಸರು ಬಂದಾಗ ಗಣಿತದ ಮೇಷ್ಟ್ರು, "ಅವನನ್ನ ನಂಬಬೇಡಿ. ಆ ದಿನ ಅಪ್ಪಿತಪ್ಪಿ ಸರಿ ಉತ್ತರ ಹೇಳ್ಬಿಟ್ರೆ?" ಅಂದರು. ಎಲ್ಲರೂ ನಕ್ಕರು. ನಾನೂ.

ಹೇಳಿದ ಕ್ಷಣಕ್ಕೆ, ಹೇಳಿದ ಹಾಗೆ, ಕರಾರುವಾಕ್ಕಾಗಿ ತಪ್ಪು ಮಾಡಲು ಜಾಣರೇ ಬೇಕು. ಹಿಟ್ಟಿನ ಗಿರಣಿಯವರ ಹುಡುಗಿ ಸೂಕ್ತ ಎನಿಸಿತು. ಎರಡನೇ ಬೆಂಚು, ಕಿಟಕಿ ಪಕ್ಕ. ಮಾತು ಕಡಿಮೆ. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಾಳೆ. ತರಗತಿಯಲ್ಲಿ ಅವಳಿಗೆ 'ಹಿಟ್ಟು' ಎಂದು ಅಡ್ಡಹೆಸರಿದೆ; ನಾನು ಎಷ್ಟು ಗದರಿದರೂ ಹೋಗಿಲ್ಲ.

ಕರೆದು ಹೇಳಿದೆ. ನಾಟಕದ ಪಾತ್ರದ ಹಾಗೆ ಅಂದುಕೋ ಎಂದೆ. ತಲೆಯಾಡಿಸಿದಳು. ಅವಳ ಕಣ್ಣಿನಲ್ಲಿ ಏನಿತ್ತೋ ನೋಡಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ಬಿಳಿ ಹಿಟ್ಟು ಕೂತಿತ್ತು, ಅದನ್ನೇ ನೋಡುತ್ತಿದ್ದೆ.

ಆಗಸ್ಟ್ ೧೧, ಸೋಮವಾರ

ಸೋಮವಾರ ಅಂದರೆ ಪದಗಳ ದಿನ. ಹತ್ತು ಹೊಸ ಪದ ಕೊಡುತ್ತೇನೆ, ಹತ್ತು ವಾಕ್ಯ ಬರೆದು ತರಬೇಕು. ನಲವತ್ತೊಂದು ನೋಟುಪುಸ್ತಕ, ನಾನೂರ ಹತ್ತು ವಾಕ್ಯ, ಅದರಲ್ಲಿ ಮುನ್ನೂರ ಎಂಬತ್ತು ಒಂದೇ ಗೈಡಿನಿಂದ ಇಳಿದವು. ಒಬ್ಬನ ಎಂಜಲನ್ನು ನಲವತ್ತು ಮಂದಿ ಅಗಿದ ಹಾಗೆ. ಓದುತ್ತಾ ಓದುತ್ತಾ ನನ್ನ ಬಾಯೇ ರುಚಿ ಕೆಡುತ್ತದೆ.

ಹೋದ ವಾರದ ಪದಗಳಲ್ಲಿ ಒಂದು 'ಬಿಡುವಿಲ್ಲದ' ಎಂಬರ್ಥದ ಪದ. ಎಲ್ಲರದೂ ಬಿಡುವಿಲ್ಲದ ಮಳೆ. ಗಿರಣಿಯವರ ಹುಡುಗಿ ಬರೆದದ್ದನ್ನು ಕನ್ನಡಕ್ಕೆ ತಂದರೆ ಹೀಗೆ: "ಅಪ್ಪನ ಬಿಡುವಿಲ್ಲದ ಕೆಮ್ಮು ಪಕ್ಕದ ಕೋಣೆಯಲ್ಲಿ ಕಟ್ಟಿಹಾಕಿದ ನಾಯಿ."

ಎರಡು ಸಲ ಓದಿದೆ. ಕೆಮ್ಮು ನಾಯಿಯ ಹಾಗೆ ಎಂದಿದ್ದರೆ ಅದು ಸಿಮಿಲಿ, ಬರೀ ಹೋಲಿಕೆ. ಇವಳು ಆ 'ಹಾಗೆ'ಯನ್ನು ಕಿತ್ತೆಸೆದು ಕೆಮ್ಮನ್ನೇ ನಾಯಿ ಮಾಡಿಟ್ಟಿದ್ದಾಳೆ. ಮೆಟಫರ್ ಅಂದರೆ ಇಷ್ಟೇ. ಹದಿನೆಂಟು ವರ್ಷದಿಂದ ಅದನ್ನು ಪಾಠ ಮಾಡುತ್ತಿದ್ದೇನೆ, ನನಗೆ ಇಂಥದೊಂದು ಹೊಳೆದಿಲ್ಲ.

ಮಾದರಿ ಪಾಠಕ್ಕೆ ಇದೇ ವಾಕ್ಯ ಇರಲಿ ಎಂದು ಹೆಡ್ ಮೇಡಂಗೆ ತೋರಿಸಿದೆ. ಮೂಗು ಮುರಿದರು. "ಕೆಮ್ಮು, ನಾಯಿ... ಬಂದವರ ಎದುರಿಗೆ ಯಾಕೆ ಮಿಸ್ ಇವೆಲ್ಲ? ಅಪ್ಪ ಇರ್ಲಿ, ಕೆಮ್ಮು ತೆಗೀರಿ." ಪೆನ್ನಿನ ಕ್ಯಾಪು ಕಿವಿಯಿಂದ ಹೊರಬಂತು. ವಾಕ್ಯ ಈಗ ಹೀಗಿದೆ: "ಅಪ್ಪನ ನಗು ಒಂದು ದೀಪ."

ಬೋರ್ಡಿನ ಮೇಲೆ ಇದನ್ನು ಬರೆದು ಯಾವ ಅಲಂಕಾರ ಎಂದು ಕೇಳಬೇಕು. ಹುಡುಗಿ "ಸಿಮಿಲಿ" ಎಂದು ತಪ್ಪಾಗಿ ಹೇಳಬೇಕು. "ಒಳ್ಳೆಯ ಪ್ರಯತ್ನ. ಆದರೆ 'ಹಾಗೆ' ಎಂಬ ಪುಟ್ಟ ಪದ ಎಲ್ಲಿದೆ? ಇನ್ನೊಮ್ಮೆ ನೋಡು," ಎಂದು ನಾನು. "ಮೆಟಫರ್" ಎಂದು ಅವಳು. ಚಪ್ಪಾಳೆ.

ಅವಳದೇ ವಾಕ್ಯ. ಕೊಂದು, ಪೌಡರು ಹಚ್ಚಿ, ಅದನ್ನು ಗುರುತಿಸಲಾರದ ಹಾಗೆ ನಟಿಸೆಂದು ಅವಳಿಗೇ ಕೊಟ್ಟಿದ್ದೇವೆ.

ಆಗಸ್ಟ್ ೧೪, ಗುರುವಾರ

ತಪ್ಪು ಉತ್ತರ ಒಂದೇ ಸಾಲದಂತೆ, ಪುರಾವೆಯೂ ಬೇಕಂತೆ. ರೆಮೆಡಿಯಲ್ ರಿಜಿಸ್ಟರಿನಲ್ಲಿ, ಅಂದರೆ ಹಿಂದುಳಿದವರಿಗೆ ವಿಶೇಷ ಪಾಠ ಮಾಡಿದ ಪುಸ್ತಕದಲ್ಲಿ, ಹನ್ನೊಂದು ಹೆಸರು ಮೊದಲೇ ಇದ್ದವು. ಹನ್ನೆರಡನೆಯದು ಸೇರಿತು. ಜೂನ್ ಕಿರುಪರೀಕ್ಷೆ ಇಪ್ಪತ್ತಕ್ಕೆ ನಾಲ್ಕು, ಜುಲೈ ಒಂಬತ್ತು, ಆಗಸ್ಟ್ ಹದಿನೇಳು. ಬೇರೆ ಬೇರೆ ದಿನ ಬರೆದಂತೆ ಕಾಣಲಿ ಎಂದು ಮೂರು ಪೆನ್ನು ಬಳಸಲಾಯಿತು. ಅವಳ ನಿಜವಾದ ಜೂನ್ ಅಂಕ ಹತ್ತೊಂಬತ್ತು.

ಊಟದ ಬಿಡುವಿನಲ್ಲಿ ಖಾಲಿ ತರಗತಿಯಲ್ಲಿ ಕೂರಿಸಿ ಅವಳಿಂದ ಹಳೆಯ ಕಿರುಪರೀಕ್ಷೆಯನ್ನು ಹೊಸದಾಗಿ ಬರೆಸಿದೆ. ಪೆನ್ಸಿಲು ಕಚ್ಚುತ್ತಾ ಕೇಳಿದಳು: "ಮಿಸ್, ಎಷ್ಟು ತಪ್ಪಿರ್ಬೇಕು?"

ಒಟ್ಟು ಪ್ರಶ್ನೆ ಹದಿನಾಲ್ಕು. "ಹನ್ನೆರಡು ತಪ್ಪು ಸಾಕು," ಅಂದೆ.

"ಗೊತ್ತಿಲ್ದೆ ಮಾಡೋ ತಪ್ಪಾ, ಮೈಮರೆತು ಮಾಡೋ ತಪ್ಪಾ?"

"ಎರಡೂ ಸ್ವಲ್ಪ ಸ್ವಲ್ಪ," ಅಂದೆ, ಅಡುಗೆಗೆ ಉಪ್ಪು ಖಾರ ಹೇಳಿದ ಹಾಗೆ.

ಎಷ್ಟು ಚೆನ್ನಾಗಿ ತಪ್ಪು ಮಾಡಿದ್ದಾಳೆ! ಹೈಪರ್‌ಬೊಲಿ: ಒಂದು ತರದ ಜ್ವರ. ಕ್ಲೈಮ್ಯಾಕ್ಸ್: ಬೆಟ್ಟ ಹತ್ತುವವನು. ಪರ್ಸಾನಿಫಿಕೇಷನ್: ಒಂದು ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸುವುದು. ಅತಿಶಯೋಕ್ತಿ, ಪರಾಕಾಷ್ಠೆ, ಜಡಕ್ಕೆ ಜೀವ ಕೊಡುವುದು: ಪ್ರತಿಯೊಂದು ತಪ್ಪಿನ ಹಿಂದೆಯೂ ಈ ಸರಿ ಉತ್ತರ ಗೊತ್ತಿರುವ ಬುದ್ಧಿ ಇಣುಕುತ್ತಿತ್ತು. ನಗು ಬಂತು. ಅವಳೂ ನಕ್ಕಳು. ಆಮೇಲೆ ನಾನು ಕೆಂಪು ಪೆನ್ನು ತೆಗೆದು ಹನ್ನೆರಡು ಅಡ್ಡಗೆರೆ ಎಳೆದೆ. ನಾಲ್ಕನೆಯ ಗೆರೆಗೆ ಅವಳ ನಗು ನಿಂತಿತ್ತು.

ಸಾಬೂನು ಮುಗಿದಿದೆ. ಬರೀ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದೆ.

ಆಗಸ್ಟ್ ೧೯, ಮಂಗಳವಾರ

ರಿಜಿಸ್ಟರಿಗೆ ಪೋಷಕರ ಸಹಿ ಬೇಕು. ಅವಳ ಅಪ್ಪ ಗಿರಣಿಯಿಂದ ನೇರವಾಗಿ ಬಂದರು. ಹುಬ್ಬು, ರೆಪ್ಪೆ, ಕಿವಿಯ ಅಂಚು ಎಲ್ಲ ಬೆಳ್ಳಗೆ. ನನ್ನ ಮೇಜಿಗೆ ಕೈಯೂರಿ ನಿಂತರು, ಬೆರಳೈದೂ ಅಚ್ಚೊತ್ತಿದವು.

"ಏನ್ ಟೀಚರ್, ಮಗಳು ಹಿಂದೆ ಬಿದ್ದಿದಾಳಾ?"

"ಹಾಗೇನಿಲ್ಲ. ಸ್ವಲ್ಪ ಹೆಚ್ಚಿನ ಗಮನ ಕೊಡ್ತಾ ಇದೀವಿ, ಅಷ್ಟೆ."

"ಮನೇಲಿ ಚೆನ್ನಾಗೇ ಹೇಳ್ತಾಳಲ್ಲ. ಸಂಜೆ ಗಿರಣೀಲಿ ಕೂತು ನಂಗೇ ಪಾಠ ಮಾಡ್ತಾಳೆ." ಕೆಮ್ಮಿದರು. ಭುಜದ ವಸ್ತ್ರದಿಂದ ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿ ಕೆಮ್ಮಿದರು. "ನಿಮಗೆ ಗೊತ್ತಿರುತ್ತೆ ಬಿಡಿ. ಹೆಚ್ಚು ಗಮನ ಅಂದ್ರೆ ಒಳ್ಳೇದೇ ಅಲ್ವಾ. ಎಲ್ಲಿ ಹಾಕ್ಲಿ?"

ತೋರಿಸಿದೆ. ಹಾಕಿದರು. ಪುಟದ ಮೇಲೆ ಹಿಟ್ಟು ಉದುರಿತು.

ಅವರು ಹೋದ ಮೇಲೆ ಒದ್ದೆ ಕಾಗದದಿಂದ ಮೇಜನ್ನು ಒರೆಸಿದೆ. ಹಿಟ್ಟಿಗೆ ನೀರು ತಾಗಿ ಅಂಟಾಯಿತು. ಒರೆಸಿದಷ್ಟೂ ಹರಡಿತು. ಹೇಸಿಗೆಯಿಂದ ಕೈ ಹಿಂದಕ್ಕೆಳೆದುಕೊಂಡೆ. ಒಬ್ಬ ಮನುಷ್ಯನ ಕೈಗುರುತಿಗೆ ಹೀಗಾಗಬಾರದು, ಆಯಿತು.

ಆರನೇ ತಾರೀಖು ಬರೆದದ್ದರಲ್ಲಿ ಒಂದು ಬಿಟ್ಟಿದ್ದೇನೆ. ಅವಳು ಜಾಣೆ ಎಂಬುದಷ್ಟೇ ಕಾರಣವಲ್ಲ. ಅವಳಷ್ಟೇ ಜಾಣರು ಇನ್ನೂ ನಾಲ್ವರಿದ್ದಾರೆ. ಅವರ ಅಪ್ಪಂದಿರು ಕೇಳಲು ಬರುತ್ತಾರೆ. ಇವರು "ಎಲ್ಲಿ ಹಾಕ್ಲಿ" ಎನ್ನುತ್ತಾರೆ. ಅದು ನನಗೆ ಗೊತ್ತಿತ್ತು.

ಆಗಸ್ಟ್ ೨೨, ಶುಕ್ರವಾರ

ಆರನೇ ತಾಲೀಮು. ಮೂರು ಚಪ್ಪಾಳೆ ಈಗ ಒಂದೇ ಚಪ್ಪಾಳೆಯಂತೆ ಬೀಳುತ್ತದೆ. ನನಗೂ ನನ್ನ ಸಾಲುಗಳು ಎಷ್ಟು ಬಾಯಿಪಾಠವೆಂದರೆ, ಬೆಳಗ್ಗೆ ಹಾಲು ಉಕ್ಕಿಸಿದ ಯಜಮಾನರಿಗೆ "ಒಳ್ಳೆಯ ಪ್ರಯತ್ನ. ಇನ್ನೊಮ್ಮೆ ನೋಡು" ಎಂದೆ, ಇಂಗ್ಲಿಷಿನಲ್ಲಿ, ನಗುಮುಖದಿಂದ.

"ಔಷಧಿ ಅಂಗಡಿಯವನಿಗೆ ಮಾತ್ರೆ ಬೇಡ, ಅವನ ಹೆಂಡ್ತೀಗೆ ಬೇಕು," ಅಂದರು, ತಮ್ಮ ಅಂಗಡಿಯ ಬೀಗದ ಕೈ ಹುಡುಕುತ್ತಾ.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಏನು ನಡೆಯುತ್ತಿದೆ ಎಂದು ಪೂರ್ತಿ ಹೇಳಿಸಿಕೊಂಡರು. ಸೌತೆಕಾಯಿ ಹೆಚ್ಚುತ್ತಾ ಕೇಳಿದರು: "ಅಂದ್ರೆ, ನೀನು ಪಾಠ ಮಾಡ್ತೀಯ ಅಂತ ತೋರಿಸೋಕೆ ಪಾಠ ನಿಲ್ಸಿದೀಯ?"

"ಎರಡು ವಾರ ಅಷ್ಟೇ ಅತ್ತೆ."

"ಆ ಹುಡುಗಿ ದಡ್ಡಿ ಅಂತ ಊರಿಗೆಲ್ಲ ಗೊತ್ತಾಗಕ್ಕೆ ಎರಡು ವಾರ ಯಾಕೆ ಬೇಕು, ಎರಡು ದಿನ ಸಾಕು."

ನಿಜ. ಇವತ್ತು ಕಾರಿಡಾರಿನಲ್ಲಿ ಕೇಳಿದೆ. 'ಹಿಟ್ಟು' ಎಂಬ ಹೆಸರು ಹೋಗಿದೆ. ಈಗ "ಏ ಸಿಮಿಲಿ" ಎನ್ನುತ್ತಾರೆ. ನಾನು ಹದಿನೆಂಟು ವರ್ಷ ಕಲಿಸಿದ ಪರಿಭಾಷೆಯಲ್ಲಿ ಮಕ್ಕಳು ತಾವಾಗಿ ಬಳಸಿದ ಮೊದಲ ಪದ ಇದೇ ಇರಬೇಕು.

ಆಗಸ್ಟ್ ೨೮, ಗುರುವಾರ

ಇದನ್ನು ನಡೆದ ಕ್ರಮದಲ್ಲೇ ಬರೆಯಬೇಕು.

ಬೆಳಗ್ಗೆ ಕಾರಿಡಾರಿಗೆಲ್ಲ ನಿಂಬೆ ವಾಸನೆಯ ಸ್ಪ್ರೇ ಹೊಡೆದಿದ್ದರು. ಮೂತ್ರದ ವಾಸನೆ ಹೋಗಿರಲಿಲ್ಲ; ನಿಂಬೆಯ ಕೊಡೆ ಹಿಡಿದು ಓಡಾಡುತ್ತಿತ್ತು. ಮೂವರು ಬಂದರು, ಇಬ್ಬರು ಗಂಡಸರು, ಒಬ್ಬ ಹೆಂಗಸು. ಒಬ್ಬರಿಗೆ ತೂಕಡಿಕೆ. ಹಿಂದೆ ಮೂರು ಕುರ್ಚಿ ಹಾಕಿತ್ತು. ನಾಲ್ಕನೆಯದೂ ಇತ್ತು. ಅದು ಯಾರಿಗೆಂದು ನನಗೆ ಹೇಳಿರಲಿಲ್ಲ. "ಸುಧಾರಿಸಿದ ವಿದ್ಯಾರ್ಥಿನಿಯ ಪೋಷಕರು," ಎಂದು ಹೆಡ್ ಮೇಡಂ ಪರಿಚಯ ಮಾಡಿಕೊಟ್ಟಾಗ ತಿರುಗಿ ನೋಡಿದೆ. ಗಿರಣಿಯವರು. ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ಹುಬ್ಬು ಕಪ್ಪಗಿದೆ ಎಂದು ಇವತ್ತೇ ಗೊತ್ತಾಯಿತು.

ಎಂಟನೇ ಅಂಶದವರೆಗೆ ಎಲ್ಲ ಸಲೀಸು. ನಾನು ಬೋರ್ಡಿನ ಮೇಲೆ ಬರೆದೆ, ಅಪ್ಪನ ನಗು ಒಂದು ದೀಪ. ಕೇಳಿದೆ, ಇದು ಯಾವ ಅಲಂಕಾರ. ಕೈಗಳು ಎದ್ದವು. ಅವಳನ್ನು ಕರೆದೆ. ಎದ್ದು ನಿಂತಳು. ಒಮ್ಮೆ ಹಿಂದೆ ತಿರುಗಿ ಅಪ್ಪನನ್ನು ನೋಡಿದಳು.

"ಮೆಟಫರ್, ಮಿಸ್," ಅಂದಳು.

"ಒಳ್ಳೆಯ ಪ್ರಯತ್ನ," ಅಂದೆ ನಾನು, ನಗುಮುಖದಿಂದ. "ಆದರೆ 'ಹಾಗೆ' ಎಂಬ ಪುಟ್ಟ ಪದ ಎಲ್ಲಿದೆ? ಇನ್ನೊಮ್ಮೆ ನೋಡು."

ಅವಳು ಬೋರ್ಡು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಸಿಮಿಲಿ?"

"ಅದ್ಭುತ!" ಅಂದೆ.

ಚಪ್ಪಾಳೆ. ಎರಡನೆಯ ಚಪ್ಪಾಳೆಗೂ ಮೂರನೆಯದಕ್ಕೂ ನಡುವೆ ನನಗೆ ಗೊತ್ತಾಯಿತು.

ಅಲ್ಲಿ ನಿಲ್ಲಿಸಬಹುದಿತ್ತು. "ಕ್ಷಮಿಸಿ, ತಪ್ಪಿದ್ದು ನಾನು" ಎನ್ನಲು ಎಷ್ಟು ಹೊತ್ತು ಬೇಕು? ನಾನು ಹತ್ತನೇ ಅಂಶಕ್ಕೆ ಹೋದೆ. ಮೂವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಇಬ್ಬರು ಬರೆದುಕೊಳ್ಳುತ್ತಿದ್ದರು, ಒಬ್ಬರು ಎಚ್ಚರವಿರುವಂತೆ ಕಾಣಲು ಹೆಣಗುತ್ತಿದ್ದರು. ವರದಿಯ ಸಾಲನ್ನು ಸಂಜೆ ಹೆಡ್ ಮೇಡಂ ಓದಿ ಹೇಳಿದರು: "ತಪ್ಪನ್ನು ತಿದ್ದುವ ಕ್ರಮ ಅನುಕರಣೀಯ."

ನಾಲ್ಕನೆಯ ಕುರ್ಚಿಯ ಮನುಷ್ಯ ಚಪ್ಪಾಳೆ ತಟ್ಟಿರಲಿಲ್ಲ.

ಆಗಸ್ಟ್ ೨೯, ಶುಕ್ರವಾರ

ರಜೆ ಹಾಕಿದೆ. ಸ್ನಾನ ಎರಡು ಸಲ. ಕೈ ಬಿರಿದಿದೆ.

ಸೆಪ್ಟೆಂಬರ್ ೧, ಸೋಮವಾರ

ಸಂಜೆ ಗೇಟಿನ ಬಳಿ ಗಿರಣಿಯವರು ಕಾಯುತ್ತಿದ್ದರು. ಜಗಳಕ್ಕೆ ಬಂದಿದ್ದರೆ ನೆಮ್ಮದಿಯಾಗುತ್ತಿತ್ತು.

"ಟೀಚರ್, ಒಂದೇ ಒಂದು ಮಾತು. 'ಹಾಗೆ' ಅನ್ನೋ ಪದ ಇದ್ರೆ ಸಿಮಿಲಿ, ಇಲ್ದಿದ್ರೆ ಇನ್ನೊಂದು ಅಂತ ಮಗಳು ಹೇಳ್ಕೊಟ್ಟಿದ್ಳು. ಬೋರ್ಡಲ್ಲಿ ಆ ಪದ ಇರ್ಲಿಲ್ಲ ಅಲ್ವಾ? ನಂಗೆ ಅಕ್ಷರ ಕೂಡಿಸ್ಕೊಂಡು ಓದಕ್ಕೆ ಬರುತ್ತೆ. ಹುಡುಕ್ದೆ, ಸಿಗ್ಲಿಲ್ಲ."

ಹೆಗಲ ಚೀಲ ಸರಿಮಾಡಿಕೊಂಡೆ.

"ಅವಳು ಮೊದ್ಲು ಹೇಳಿದ್ದೇ ಸರಿ ಅಲ್ವಾ?"

"ಅದು... ಇಂಗ್ಲಿಷಲ್ಲಿ ಕೆಲವು ಸೂಕ್ಷ್ಮ ಇರುತ್ತೆ," ಅಂದೆ.

"ಓ," ಅಂದರು. "ಸೂಕ್ಷ್ಮ." ತಮ್ಮ ತಪ್ಪೇ ಎಂಬಂತೆ ತಲೆ ಕೆರೆದುಕೊಂಡರು. ಒಂದಿಷ್ಟು ಹಿಟ್ಟು ಉದುರಿತು. "ಹಾಗಾದ್ರೆ ಸರಿ. ಮನೇಲಿ ಅವಳು ಬಾಯೇ ಬಿಡ್ತಿಲ್ಲ ನೋಡಿ, ಅದಕ್ಕೆ ಕೇಳ್ದೆ."

ಚರಟ, ಸ್ಪಂಜು, ಕಿವಿಯ ಕ್ಯಾಪು. ಪಟ್ಟಿ ಮಾಡಿಕೊಂಡು ಬಂದಿದ್ದೇನೆ. ಇವತ್ತಿನ ಪಟ್ಟಿಯಲ್ಲಿ ಒಂದೇ ಒಂದು: ನಾನು.

ಸೆಪ್ಟೆಂಬರ್ ೩, ಬುಧವಾರ

ಪದಗಳ ನೋಟುಪುಸ್ತಕ ತಡವಾಗಿ ನೋಡಿದೆ. ಗಿರಣಿಯವರ ಹುಡುಗಿಯ ಹತ್ತು ವಾಕ್ಯವೂ ಗೈಡಿನವು. ಕೊಟ್ಟ ಪದ 'ಹಠಾತ್ತನೆ'. ಎಲ್ಲರ ಹಾಗೆ ಅವಳದೂ ಹಠಾತ್ತನೆ ಬಂದ ಅತಿಥಿ. ಒಂದೂ ತಪ್ಪಿಲ್ಲ.

ಮಧ್ಯಾಹ್ನ ಗಣಿತದ ಮೇಷ್ಟ್ರು ಮಂಡಳಿಯಿಂದ ಬಂದ ಪತ್ರ ತೋರಿಸಿದರು. ನಮ್ಮ ರೆಮೆಡಿಯಲ್ ವ್ಯವಸ್ಥೆ ಎಷ್ಟು ಮೆಚ್ಚುಗೆಯಾಗಿದೆಯೆಂದರೆ, ಅದನ್ನು ಈ ವರ್ಷವೇ ನಿಯಮಕ್ಕೆ ಸೇರಿಸುತ್ತಿದ್ದಾರೆ. ಇಷ್ಟು ವರ್ಷ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ರಿಜಿಸ್ಟರಿನ ಹೆಸರುಗಳೆಲ್ಲ ಮುಂದಿನ ವರ್ಷ ಸಿ ಸೆಕ್ಷನ್ನಿಗೆ ಹೋಗುತ್ತವೆ. ಅವರಿಗೆ ಸರಳ ಪತ್ರಿಕೆ: ಕಥೆ ಇಲ್ಲ, ಕವನ ಇಲ್ಲ, ಅರ್ಜಿ ತುಂಬುವುದು ಮತ್ತು ರಜಾಪತ್ರ. ಸರಳ ಪತ್ರಿಕೆ ಬರೆದವರನ್ನು ಇಂಗ್ಲಿಷ್ ಬೇಕಾದ ಯಾವ ಕಾಲೇಜೂ ತೆಗೆದುಕೊಳ್ಳುವುದಿಲ್ಲ.

ಹೆಡ್ ಮೇಡಂ ಕೋಣೆಗೆ ಹೋದೆ.

"ಅವಳ ಹೆಸರು ತೆಗೀಬೇಕು ಮೇಡಂ."

"ಹೇಗೆ ತೆಗೀತೀರಿ? ಜೂನ್ ಅಂಕ ನಾಲ್ಕು ಅಂತ ಇದೆಯಲ್ಲ."

"ಅದು ನಾವು..."

"ಶ್!" ಬಾಗಿಲು ನೋಡಿದರು. "ಈಗ ತೆಗೆದ್ರೆ ಯಾಕೆ ತೆಗೆದ್ರಿ ಅಂತಾರೆ. ನಾವು ಬರೆದದ್ದು ಸುಳ್ಳು ಅಂತ ನಾವೇ ಹೇಳ್ಬೇಕಾಗುತ್ತೆ."

"ಹೌದು."

"ಹೌದು ಅಂದ್ರೆ?" ಕ್ಯಾಪು ಕಿವಿಯ ಹತ್ತಿರ ಹೋಗಿ ನಿಂತಿತು. "ನೋಡಿ ಮಿಸ್, ಸಿ ಸೆಕ್ಷನ್ ಅಂದ್ರೆ ಪ್ರಳಯ ಏನಲ್ಲ. ಗಿರಣಿ ಹುಡುಗಿಗೆ ರಜಾಪತ್ರ ಬರೆಯೋಕೆ ಬಂದ್ರೆ ಸಾಕಲ್ವಾ?"

ಈ ಮಾತಿಗೆ ನನಗೆ ಅಸಹ್ಯವಾಯಿತು ಎಂದು ಬರೆಯಲು ಕೂತೆ. ಆದರೆ ಹೆಡ್ ಮೇಡಂ ಬಾಯಲ್ಲಿ ಆಡಿದ್ದನ್ನು ನಾನು ಆಗಸ್ಟ್ ಆರಕ್ಕೇ ಬಾಯಿ ಬಿಡದೆ ಮಾಡಿ ಮುಗಿಸಿದ್ದೆ.

ಸೆಪ್ಟೆಂಬರ್ ೮, ಸೋಮವಾರ

ಮಂಡಳಿಗೆ ಪತ್ರ. ಭಾನುವಾರವೆಲ್ಲ ಬರೆದೆ, ಹರಿದೆ. ಐದನೇ ಕರಡು ಸುಮಾರಾಗಿತ್ತು. ಅತ್ತೆ ಕನ್ನಡದಲ್ಲಿ ಹೇಳು ಎಂದರು. ಹೇಳಿದೆ: "ರಿಜಿಸ್ಟರಿನಲ್ಲಿ ಅಂಕಗಳ ವಿಷಯದಲ್ಲಿ ವ್ಯತ್ಯಾಸ ಉಂಟಾಗಿದ್ದು, ಒಬ್ಬ ವಿದ್ಯಾರ್ಥಿನಿಯ ಹೆಸರು ಅನುದ್ದೇಶಿತವಾಗಿ ಸೇರ್ಪಡೆಯಾಗಿರುತ್ತದೆ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಯಾರು ಬರೆದ್ರು ಅಂತ ಎಲ್ಲೂ ಇಲ್ವಲ್ಲೇ. ದೆವ್ವ ಬರೀತಾ?"

"ಪತ್ರ ಹೀಗೇ ಬರೆಯೋದು ಅತ್ತೆ."

"ಹಾಗಾದ್ರೆ ಅವರೂ ಹೀಗೇ ಓದ್ತಾರೆ."

ಯಜಮಾನರು ಅಂಗಡಿಗೆ ಹೊರಟವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಕೆಲಸ ಹೋದ್ರೆ?" ಅಂದರು. ಹೆದರಿಸಲು ಅಲ್ಲ, ಲೆಕ್ಕಕ್ಕೆ.

"ಹೋದ್ರೆ ನಿಮ್ಮ ಅಂಗಡೀಲಿ ಮಾತ್ರೆ ಕೊಡ್ತೀನಿ."

"ಬೇಡಮ್ಮ ತಾಯಿ. ಶೀಶೆ ಮೇಲಿನ ಚೀಟಿ ಎಲ್ಲ ತಿದ್ದಕ್ಕೆ ಕೂರ್ತೀಯ." ಮೆಟ್ಟಿಲಿಳಿದು ತಿರುಗಿ, "ಬರೆದ್ಬಿಡು," ಅಂದು ಹೋದರು.

ಆರನೇ ಕರಡು ಐದು ಸಾಲು. ಜೂನ್‌ನಲ್ಲಿ ಅವಳಿಗೆ ಹತ್ತೊಂಬತ್ತು ಬಂದಿತ್ತು. ನಾನು ನಾಲ್ಕು ಎಂದು ಬರೆದೆ. ಹಳೆಯ ಕಿರುಪರೀಕ್ಷೆಯನ್ನು ನಾನು ಅವಳಿಂದ ತಪ್ಪಾಗಿ ಬರೆಸಿದೆ. ತಪಾಸಣೆಯ ದಿನ ಅವಳು ಹೇಳಿದ ಸರಿ ಉತ್ತರವನ್ನು ನಾನು ತಪ್ಪೆಂದೆ. ದಯವಿಟ್ಟು ಅವಳನ್ನು ಬೇರೆಯವರು ಪರೀಕ್ಷಿಸಲಿ.

ಸೆಪ್ಟೆಂಬರ್ ೧೦, ಬುಧವಾರ

ಕಳಿಸಿದೆ. ಅಂಚೆ ಕಚೇರಿಯ ಅಂಟಿನ ಡಬ್ಬಿಯಲ್ಲಿ ನೊಣ ಸತ್ತಿತ್ತು. ಅದರ ಪಕ್ಕದ ಅಂಟು ತೆಗೆದು ಹಚ್ಚಿದೆ.

ಅಲ್ಲಿಂದ ಗಿರಣಿಗೆ ಹೋದೆ. ಇದೇ ಮೊದಲು. ಬೆಲ್ಟಿನ ಸದ್ದಿಗೆ ಮಾತು ಕೇಳುವುದಿಲ್ಲ, ಕೂಗಬೇಕು. "ಅವಳು ಮೊದಲು ಹೇಳಿದ್ದೇ ಸರಿ!" ಎಂದು ಕೂಗಿದೆ. "ತಪ್ಪು ನಂದು! ಸೂಕ್ಷ್ಮ ಏನೂ ಇಲ್ಲ!" ಸಾಲಿನಲ್ಲಿ ಚೀಲ ಹಿಡಿದು ನಿಂತಿದ್ದ ಆರೇಳು ಮಂದಿ ತಿರುಗಿ ನೋಡಿದರು. ಗಿರಣಿಯವರು ಮೋಟಾರು ಆರಿಸಿದರು. ಮಿಕ್ಕದ್ದನ್ನು ಮೆಲ್ಲಗೆ ಹೇಳಿದೆ: ನಾಲ್ಕು ಅಂಕ, ಹನ್ನೆರಡು ತಪ್ಪು, ಸಿ ಸೆಕ್ಷನ್, ಎಲ್ಲ.

ಕೈಯಲ್ಲಿದ್ದ ಅಳತೆಯ ಡಬ್ಬಿಯನ್ನು ಕೆಳಗಿಟ್ಟರು. "ನಂಗೆ ಓದಕ್ಕೆ ಬರಲ್ಲ ಅಂತ ಅಂದ್ಕೊಂಡ್ರಾ ಟೀಚರ್?"

"ಕೇಳಲ್ಲ ಅಂತ ಅಂದ್ಕೊಂಡೆ."

ಅವರು ಮತ್ತೆ ಮೋಟಾರು ಹಾಕಿದರು.

ಸೆಪ್ಟೆಂಬರ್ ೨೬, ಶುಕ್ರವಾರ

ಹದಿನಾರು ದಿನ ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಯಾರೂ ಚಹಾ ಕುಡಿದಿಲ್ಲ. ಗಣಿತದ ಮೇಷ್ಟ್ರು ಮಾತ್ರ ಒಮ್ಮೆ, "ಒಂದು ತಪ್ಪು ತಿದ್ದಕ್ಕೆ ಹೋಗಿ ಲೆಕ್ಕಾನೇ ಹರಿದುಹಾಕಿದ್ರಲ್ಲ," ಅಂದರು. ಮೆಚ್ಚಿ ಅಂದರೋ ಹಂಗಿಸಿ ಅಂದರೋ ತಿಳಿಯಲಿಲ್ಲ.

ಇವತ್ತು ಮರುಪರೀಕ್ಷೆ. ಮಂಡಳಿಯಿಂದ ಬಂದದ್ದು ಒಬ್ಬರೇ, ಗಂಟುಮುಖದ ಹಿರಿಯ ಹೆಂಗಸು. ಅವತ್ತಿನ ಮೂವರಲ್ಲಿ ಇದ್ದವರಲ್ಲ. ಪುಸ್ತಕದ ಕೋಣೆಯಲ್ಲಿ ಉದ್ದ ಮೇಜು. ಒಂದು ತುದಿಗೆ ಅವರು, ಇನ್ನೊಂದಕ್ಕೆ ಹುಡುಗಿ. ಪಕ್ಕದಲ್ಲಿ ಹೆಡ್ ಮೇಡಂ ಮತ್ತು ನಾನು. ಮೊದಲ ಪ್ರಶ್ನೆ ಸುಲಭದ್ದು: ಮೆಟಫರ್ ಅಂದರೇನು?

ಹುಡುಗಿ ಬಾಯಿ ತೆರೆದಳು. ತೆರೆದು, ನನ್ನ ಮುಖ ನೋಡಿದಳು.

ಯಾವ ಉತ್ತರ ಬೇಕು ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದಳು. ಹದಿನಾಲ್ಕು ವರ್ಷದ ಮಗು, ಅಂಗಡಿಯಲ್ಲಿ ಬೇಡದ್ದನ್ನು ಮುಟ್ಟಿಬಿಟ್ಟೆನೇನೋ ಎಂದು ಯಜಮಾನನ ಕಣ್ಣು ನೋಡುವ ಹಾಗೆ. ನಾನು ನಕ್ಕರೂ ಅದು ಸೂಚನೆ, ನಗದಿದ್ದರೂ ಸೂಚನೆ. ಎದ್ದು ಹೊರಗೆ ಬಂದೆ. ಹೆಡ್ ಮೇಡಂ "ಮಿಸ್, ಮಿಸ್," ಎನ್ನುತ್ತಿದ್ದರು. ಬಾಗಿಲು ಎಳೆದುಕೊಂಡೆ.

ಕಾರಿಡಾರಿನ ಬೆಂಚಿನಲ್ಲಿ ಗಿರಣಿಯವರು ಮಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಿರಣಿಯಿಂದ ಹಾಗೇ ಬಂದಿದ್ದರು. ನಾನು ಆಚೆ ತುದಿಯಲ್ಲಿ ಕೂತೆ. ಅವರಿಗೆ ಕೆಮ್ಮು ಬಂತು. ಒಳಗೆ ಕೇಳಿಸೀತೆಂದು ವಸ್ತ್ರ ಬಾಯಿಗೊತ್ತಿ ಮೈಯೆಲ್ಲ ಅಲುಗಿಸಿ ತಡೆದರು. ತಡೆಯಲಾಗಲಿಲ್ಲ, ಕೆಮ್ಮಿದರು. ಅದೇ ಹೊತ್ತಿಗೆ ಒಳಗಿನಿಂದ ಅವಳ ದನಿ ಕೇಳಿತು, ಮೊದಲು ಮೆಲ್ಲಗೆ, ಆಮೇಲೆ ತಡೆಯಿಲ್ಲದೆ. ಪದಗಳು ಸ್ಪಷ್ಟವಿರಲಿಲ್ಲ. ಎರಡು ಮಾತ್ರ ಸ್ಪಷ್ಟ ಕೇಳಿಸಿದವು: ಪಕ್ಕದ ಕೋಣೆ. ನಾಯಿ.

"ಏನಂತಿದಾಳೆ?" ಅಂದರು.

"ನಿಮ್ಮ ಬಗ್ಗೆ," ಅಂದೆ.

ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಗಂಟುಮುಖದವರು ರಿಜಿಸ್ಟರು ಹಿಡಿದು ಹೊರಬಂದರು. ಹನ್ನೆರಡನೆಯ ಹೆಸರಿನ ಮೇಲೆ ಗೆರೆ ಎಳೆದು ಸಹಿ ಹಾಕಿದ್ದರು. "ಈ ಹುಡುಗೀನ ಈ ಪಟ್ಟಿಗೆ ಸೇರಿಸಿದವರು ಯಾರು?"

"ಅದು ಒಟ್ಟಾರೆ ಶಾಲೆಯ ಮಟ್ಟದಲ್ಲಿ ಆಗಿರೋ..." ಎಂದು ಹೆಡ್ ಮೇಡಂ ಶುರು ಮಾಡಿದರು.

"ನಾನು," ಅಂದೆ.

ಪತ್ರದಲ್ಲಿ ಓದಿದ್ದರೂ ಬಾಯಲ್ಲಿ ಕೇಳಬೇಕಿತ್ತೇನೋ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟ ನನಗೆ ಗೊತ್ತು. ಸಿಂಕಿನ ಚರಟವನ್ನು ನಾನು ನೋಡುತ್ತಿದ್ದದ್ದು ಹಾಗೇ. ವಿವರಣೆ ಕೇಳಿ ಮಂಡಳಿಯಿಂದ ಪತ್ರ ಬರುತ್ತದೆ, ಅಲ್ಲಿಯವರೆಗೆ ಎ ಸೆಕ್ಷನ್ ಬೇರೆಯವರಿಗೆ ಎಂದರು. ಆಗಲಿ ಎಂದೆ.

ಹುಡುಗಿ ಕೊನೆಗೆ ಬಂದಳು. ನಗಲಿಲ್ಲ. "ನೀವು ಎದ್ದು ಹೋದ್ರಿ ಮಿಸ್."

"ಹೂಂ."

"ನಾನು ತಪ್ಪು ಹೇಳ್ತೀನಿ ಅಂತಾನಾ?"

"ಅಲ್ಲ. ನಾನು ಹೇಳಿಸ್ತೀನಿ ಅಂತ."

ಅದನ್ನು ನಂಬಬೇಕೋ ಬೇಡವೋ ಎಂದು ಯೋಚಿಸುತ್ತಾ ನಿಂತಳು. ಬೆಂಚಿನ ಮೇಲಿದ್ದ ಅವಳ ಚೀಲ ಎತ್ತಿಕೊಟ್ಟೆ. ತಗೊಂಡಳು. ಅಪ್ಪ ಮಗಳು ಮೆಟ್ಟಿಲಿಳಿದು ಹೋದರು; ಕೆಮ್ಮು ಗೇಟಿನವರೆಗೂ ಕೇಳುತ್ತಿತ್ತು.

ಮನೆಗೆ ಬಂದವಳು ನೇರ ಊಟಕ್ಕೆ ಕೂತೆ. ಹಸಿವಾಗಿತ್ತು. ಎರಡು ತುತ್ತು ತಿಂದಿದ್ದೆ, ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

"ಏನೇ ಇದು, ಕೈ ತೊಳ್ಕೊಳ್ಳೋದೇ ಮರ್ತ್ಯಾ? ಬೆಳ್ಳಗಿದೆ."

ನೋಡಿದೆ. ಹುಡುಗಿಯ ಚೀಲದ ಹಿಟ್ಟು. ಚಾಕ್ ಇರಬೇಕು ಎಂದೆ, ಊಟ ಮುಂದುವರಿಸಿದೆ.